ಎರಡನೇ ಅರ್ಜಿಗೆ ಸಿಕ್ಕ ಕಂದು ಬೋರ್ಡು

ನಮ್ಮ ಜೇನು ತೋಟ ನೋಡಲು ಬರುವವರು ಗೇಟಿನಲ್ಲಿ ಇಳಿಯುತ್ತಲೇ ಹೇಳುತ್ತಿದ್ದ ಮಾತು ಒಂದೇ: "ಮುಂದಕ್ಕೆ ಹೋಗಿಬಿಟ್ಟಿದ್ವಿ, ವಾಪಸ್ ತಿರುಗಿಸಿಕೊಂಡು ಬಂದ್ವಿ." ಮುಖ್ಯರಸ್ತೆಯಿಂದ ನಮ್ಮ ಕಡೆ ಒಡೆಯುವ ಕವಲು ಒಂದು ತಿರುವಿನ ಬೆನ್ನಿಗೇ ಇದೆ. ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿ ಅದನ್ನು ದಾಟಿರುತ್ತದೆ. ಫೋನಿನ ಮ್ಯಾಪ್ ನಂಬಿದವರ ಪಾಡು ಇನ್ನೂ ಕಷ್ಟ. ಅದು ಅವರನ್ನು ಹಿಂಬದಿಯ ಮಣ್ಣುದಾರಿಯಲ್ಲಿ ಕರೆತಂದು ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಿಸುತ್ತಿತ್ತು. ಇದಕ್ಕೆ ಪರಿಹಾರ ರಸ್ತೆ ಬದಿಯ ಪ್ರವಾಸಿ ಫಲಕ, ಅಂದರೆ ಕಂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಬೋರ್ಡು, ಅಂದುಕೊಂಡು ಅರ್ಜಿ ಹಾಕಿದೆ.

ಆ ಮೊದಲ ಅರ್ಜಿ ಈಗ ಓದಿದರೆ ನಗು ಬರುತ್ತದೆ. ಎರಡು ಪುಟ ತುಂಬ ತೋಟದ ಗುಣಗಾನ, ಹೂವಿನ ಮೇಲೆ ಕೂತ ಜೇನುಹುಳದ ಫೋಟೋ, ಬಂದು ಹೋದವರ ಮೆಚ್ಚುಗೆ. ಬೋರ್ಡಿನ ಮೇಲೆ ನಮ್ಮ ಲೋಗೋ, ಫೋನ್ ನಂಬರ್, ಜೊತೆಗೆ "ಶುದ್ಧ ಜೇನು ದೊರೆಯುತ್ತದೆ" ಎಂಬ ಸಾಲು ಇರಲಿ ಎಂದೂ ಕೇಳಿದ್ದೆ. ಮೂರು ಸಾಲಿನ ಉತ್ತರ ಬಂತು: ಇದು ದಾರಿ ತೋರಿಸುವ ಫಲಕ, ಜಾಹೀರಾತಿಗೆ ಅವಕಾಶವಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ.

ಸಿಟ್ಟಿನಲ್ಲೇ ಫೋನ್ ಮಾಡಿದೆ. ಅತ್ತ ಕಡೆಯ ಇಂಜಿನಿಯರ್ ತಾಳ್ಮೆಯ ಮನುಷ್ಯ. "ಮೇಡಂ, ನೀವು ನಿಮ್ಮ ತೋಟದ ಬಗ್ಗೆ ಬರೆದಿದ್ದೀರಿ. ನನಗೆ ಬೇಕಾಗಿರೋದು ಆ ಜಂಕ್ಷನ್ ಬಗ್ಗೆ" ಅಂದರು. ಎರಡನೇ ಅರ್ಜಿ ಹುಟ್ಟಿದ್ದು ಆ ಮಾತಿನಿಂದ.

ನಾಲ್ಕು ವಾರಾಂತ್ಯ ಗೇಟಿನ ಬಳಿ ಒಂದು ನೋಟ್‌ಬುಕ್ ಇಟ್ಟೆವು. ಬಂದ ಪ್ರತಿ ಗಾಡಿಯವರನ್ನೂ ಯಾವ ಕಡೆಯಿಂದ ಬಂದಿರಿ, ಎಲ್ಲಿ ತಪ್ಪಿದಿರಿ, ಎಲ್ಲಿ ತಿರುಗಿಸಿಕೊಂಡಿರಿ ಎಂದು ಕೇಳಿ ಬರೆದುಕೊಂಡೆವು. ಹೆಚ್ಚಿನವರು ತಿರುಗಿಸಿಕೊಂಡಿದ್ದು ತಿರುವಿನ ಆಚೆ, ಎದುರಿನ ಗಾಡಿ ಕಾಣದ ಜಾಗದಲ್ಲಿ. ಕೆಲವರು ರಸ್ತೆಯ ನಡುವೆಯೇ ನಿಲ್ಲಿಸಿ ರಿವರ್ಸ್ ತೆಗೆದುಕೊಂಡಿದ್ದರು. ಇದನ್ನೆಲ್ಲ ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಾಗಿ ಗುರುತು ಮಾಡಿ ಲಗತ್ತಿಸಿದೆ. ನನ್ನ ಮಟ್ಟಿಗೆ ಇಡೀ ಅರ್ಜಿಯಲ್ಲಿ ತೂಕ ಇದ್ದದ್ದು ಆ ಒಂದು ಹಾಳೆಗೆ. ಊಟ ಬಿಟ್ಟಾದರೂ ಈ ಲೆಕ್ಕ ಬರೆಯಿರಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಉಳಿದ ದಾಖಲೆಗಳು ನಿರೀಕ್ಷಿಸಿದಂಥವೇ. ಪಾರ್ಕಿಂಗ್ ನಿಮ್ಮ ಜಾಗದೊಳಗೇ ಇದೆಯೇ, ಶೌಚಾಲಯ ಇದೆಯೇ, ಮೊದಲೇ ಬುಕ್ ಮಾಡದೆ ಬಂದವರನ್ನೂ ಒಳಗೆ ಬಿಡುತ್ತೀರಾ, ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತೀರಿ. ಈ ಷರತ್ತುಗಳು ಒಂದೊಂದು ಕಡೆ ಒಂದೊಂದು ಥರ, ಅದಕ್ಕೇ ಅರ್ಜಿಗೆ ಮುಂಚೆ ಸಂಬಂಧಪಟ್ಟವರ ನಿಯಮಾವಳಿ ತರಿಸಿ ಓದಿಕೊಳ್ಳಬೇಕು. ಮುಖ್ಯರಸ್ತೆ ಒಂದು ಕಚೇರಿಯದು, ಒಳರಸ್ತೆ ಇನ್ನೊಂದರದು ಎಂಬುದು ನನಗೆ ತಡವಾಗಿ ತಿಳಿಯಿತು. ಎರಡು ಕಡೆಯ ಒಪ್ಪಿಗೆಯೂ ಬೇಕಾಯಿತು. ಒಂದು ಕಡೆ ಫೈಲು ಮೇಜಿನಿಂದ ಮೇಜಿಗೆ ಸರಿಯಲು ಹಿಡಿದ ಕಾಲದಲ್ಲಿ ನಮ್ಮ ಪೆಟ್ಟಿಗೆಗಳಲ್ಲಿ ಎರಡು ಸಲ ಹೊಸ ರಾಣಿ ಬಂದಿತ್ತು!

ಬೋರ್ಡಿನ ಅಕ್ಷರದ ವಿಷಯಕ್ಕೆ ಬಂದಾಗ ನನ್ನ ಹಟ ಪೂರ್ತಿ ಇಳಿಯಿತು. ನಮ್ಮ ಹೆಸರು ನಾಲ್ಕು ಪದದ್ದು. ಅದನ್ನು ಪೂರ್ತಿ ಹಾಕಿ ಎಂದು ಪಟ್ಟು ಹಿಡಿದಿದ್ದೆ. ಇಂಜಿನಿಯರ್ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. 25 ಮಿಲಿಮೀಟರ್ ಎತ್ತರದ ಅಕ್ಷರವನ್ನು ಸುಮಾರು 9 ಮೀಟರ್ ದೂರದಿಂದ ಓದಬಹುದು ಎಂಬುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಒಂದು ಅಂದಾಜು. ಹಾಗಾದರೆ 150 ಮಿಲಿಮೀಟರ್ ಅಕ್ಷರ ಓದಲು ಸಿಗುವುದು ಸುಮಾರು 54 ಮೀಟರಿನಿಂದ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಓದಲು ಇರುವುದು ಎರಡೂವರೆ ಸೆಕೆಂಡ್, ಅದರಲ್ಲೇ ಕನ್ನಡಿಯನ್ನೂ ನೋಡಬೇಕು, ಬ್ರೇಕನ್ನೂ ಒತ್ತಬೇಕು. "ಈಗ ನಾಲ್ಕು ಪದ ಓದಿ ನೋಡೋಣ" ಅಂದರು. ಕೊನೆಗೆ ಬೋರ್ಡಿನ ಮೇಲೆ ಉಳಿದದ್ದು "ಜೇನು ತೋಟ" ಎಂಬ ಎರಡೇ ಪದ, ಒಂದು ಬಾಣ, ದೂರ ಎಷ್ಟೆಂಬ ಅಂಕಿ.

ನಾನು ಕೇಳಿದ್ದು ಎರಡು ಬೋರ್ಡು. ಸ್ಥಳ ಪರಿಶೀಲನೆ ಆದ ಮೇಲೆ ಲೆಕ್ಕ ಐದಕ್ಕೆ ಏರಿತು. ಒಮ್ಮೆ ಒಂದು ಜಾಗದ ಹೆಸರು ಫಲಕದಲ್ಲಿ ಬಂದರೆ, ಮುಂದೆ ದಾರಿ ಬದಲಾಗುವ ಪ್ರತಿ ಕವಲಿನಲ್ಲೂ ಅದು ಬರಬೇಕು, ಗೇಟು ಮುಟ್ಟುವವರೆಗೆ ಕೈಬಿಡಬಾರದು. ನ್ಯಾಯವಾದ ಮಾತೇ. ಆದರೆ ಖರ್ಚು ನಮ್ಮದು! ವಿನ್ಯಾಸ, ತಯಾರಿ, ಕಂಬ, ನೆಲದಡಿಯ ಕೇಬಲ್ಲು-ಪೈಪುಗಳನ್ನು ನೋಡಿಕೊಂಡು ಗುಂಡಿ ತೋಡುವುದು, ಕೆಲಸ ನಡೆಯುವಾಗ ಗಾಡಿಗಳನ್ನು ನಿಯಂತ್ರಿಸುವುದು, ಎಲ್ಲಕ್ಕೂ ನಾವೇ ಕೊಟ್ಟೆವು. ತಗಡಿಗಿಂತ ಅದನ್ನು ನಿಲ್ಲಿಸುವ ಕೆಲಸವೇ ದುಬಾರಿ ಎಂಬುದು ಅಂದಾಜುಪಟ್ಟಿ ಕೈಗೆ ಬಂದ ದಿನ ಗೊತ್ತಾಯಿತು. ಇಷ್ಟೆಲ್ಲ ಕೊಟ್ಟರೂ ಬೋರ್ಡಿನ ಒಡೆತನ ರಸ್ತೆಯವರದ್ದೇ. ಒಂದು ಕಡೆ ಆಗಲೇ ಇದ್ದ ಕಂಬಕ್ಕೆ ನಮ್ಮ ಹಲಗೆ ಸೇರಿಸಬಹುದೇ ಎಂದು ಕೇಳಿದೆ, ಒಪ್ಪಿದರು. ಆ ಪ್ರಶ್ನೆ ಕೇಳಲು ಮರೆಯಬೇಡಿ.

ಬೋರ್ಡು ನಿಲ್ಲುವ ಮೊದಲು ಇನ್ನೊಂದು ಷರತ್ತು ಪೂರೈಸಬೇಕಿತ್ತು. ನಾವೇ ಮರಕ್ಕೆ ಕಟ್ಟಿದ್ದ ಹಳದಿ ಫ್ಲೆಕ್ಸುಗಳನ್ನೆಲ್ಲ ತೆಗೆಯಬೇಕು. ತೆಗೆದೆ, ಸ್ವಲ್ಪ ಹೊಟ್ಟೆ ಉರಿಯಿತು.

ರಾತ್ರಿ ಒಮ್ಮೆ ಹೋಗಿ ಹೆಡ್‌ಲೈಟ್ ಬೆಳಕಿನಲ್ಲಿ ಐದನ್ನೂ ನೋಡಿ ಬನ್ನಿ ಎಂದು ಗುತ್ತಿಗೆದಾರ ಹೇಳಿದ್ದ. ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಹಾಳೆ ಅಂಟಿಸಿರುತ್ತಾರಲ್ಲ, ನಾಲ್ಕು ಬೋರ್ಡು ಝಗ್ಗನೆ ಹೊಳೆದವು. ಐದನೆಯದು ಕೊಂಬೆಯ ಹಿಂದೆ ಅಡಗಿತ್ತು. ಮಾರನೇ ದಿನವೇ ತಿಳಿಸಿ ಕೊಂಬೆ ಕಡಿಸಿದೆವು, ಈಗಲೂ ಚಿಗುರು ಬಂದಾಗಲೆಲ್ಲ ಹೋಗಿ ನೋಡುತ್ತೇನೆ.

ಹೂವಿಲ್ಲದ ಎರಡು ತಿಂಗಳು ನಾವು ತೋಟ ಮುಚ್ಚುತ್ತೇವೆ. ಆಗ ಬೋರ್ಡುಗಳಿಗೆ ಮುಸುಕು ಹಾಕಿಸುವುದು ನಮ್ಮ ಜವಾಬ್ದಾರಿ ಎಂದು ಅನುಮತಿ ಪತ್ರದಲ್ಲೇ ಇದೆ. ಮೊದಲ ವರ್ಷ ಮರೆತೆ. ಒಂದು ಭಾನುವಾರ ಬಸ್ಸಿನ ತುಂಬ ಮಕ್ಕಳು ಬಂದು ಗೇಟು ಬಡಿದರು. ಬೋರ್ಡು ಅವರನ್ನು ಒಂದೂ ಕಡೆ ದಾರಿ ತಪ್ಪಿಸದೆ ಕರೆತಂದಿತ್ತು.