ವಂಡರ್‌ಲಾ ಟೂರಿಗೆ ಮಕ್ಕಳನ್ನು ನಾನು ತಯಾರು ಮಾಡುವ ರೀತಿ

ನಾನು ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಡಿಸೆಂಬರ್ ಬಂತೆಂದರೆ ಸ್ಕೂಲ್ ಟೂರಿನ ಮಾತು. ಎಂಟನೇ ಕ್ಲಾಸಿನವರು ಕೇಳುವುದು ಒಂದೇ ಜಾಗ, ಬಿಡದಿಯ ವಂಡರ್‌ಲಾ. 2005ರಲ್ಲಿ ಶುರುವಾದ ಅಮ್ಯೂಸ್‌ಮೆಂಟ್ ಪಾರ್ಕ್ ಅದು. ಈ ಮಕ್ಕಳ ಅಕ್ಕ, ಅಣ್ಣಂದಿರೂ ಹೋಗಿ ಬಂದಿರುತ್ತಾರೆ. ಹಾಗಾಗಿ ರೈಡ್‌ಗಳ ಹೆಸರು ನನಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು. ಎಲ್ಲರನ್ನೂ ಹೋದ ಹಾಗೇ ವಾಪಸ್ ಕರೆತರುವುದು ನನ್ನ ಕೆಲಸ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕೂಲಿನಲ್ಲೇ ಮುಗಿದಿರಬೇಕು.

ಮೊದಲು ಎತ್ತರ ನೋಡುತ್ತೇನೆ. ಜೋರಾದ ರೈಡ್‌ಗಳಿಗೆ 140 ಸೆಂ.ಮೀ. ಎತ್ತರ ಕೇಳುವುದುಂಟು. ಟೂರಿಗೆ ಮುಂಚೆಯೇ ವರಾಂಡದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಶೂ ಬಿಚ್ಚಿಸಿ ಒಬ್ಬೊಬ್ಬರನ್ನೇ ನಿಲ್ಲಿಸುತ್ತೇನೆ. ಈ ವಯಸ್ಸಿನಲ್ಲಿ ಕ್ಲಾಸಿನ ಕೆಲವು ಮಕ್ಕಳು ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಗಂಟೆಗಟ್ಟಲೆ ಕ್ಯೂನಲ್ಲಿ ನಿಂತು, ಕೊನೆಗೆ ಎಲ್ಲರ ಮುಂದೆ ‘ನೀನು ಆ ಕಡೆ ಹೋಗು’ ಅನ್ನಿಸಿಕೊಳ್ಳುವ ಮಗುವಿನ ಮುಖ ನೋಡಲಾಗುವುದಿಲ್ಲ. ಅದನ್ನು ಇಲ್ಲೇ ಹೇಳಿಬಿಟ್ಟರೆ ಬೇಜಾರು ಒಂದು ದಿನದಲ್ಲಿ ಕರಗುತ್ತದೆ. ‘ನಾವೆಲ್ಲ ಸೇರಿ ಬೇರೆ ರೈಡ್‌ಗೆ ಹೋಗೋಣ’ ಅಂತ ಅವರವರೇ ಗುಂಪು ಮಾಡಿಕೊಳ್ಳುತ್ತಾರೆ.

ಯಾಕೆ ಈ ನಿಯಮ ಅಂತಲೂ ಬಿಡಿಸಿ ಹೇಳುತ್ತೇನೆ. ಭುಜದ ಮೇಲೆ ಇಳಿಯುವ ಲಾಕ್, ತೊಡೆಯ ಮೇಲಿನ ಬಾರ್ ಎರಡನ್ನೂ ಇಂತಿಷ್ಟು ಅಳತೆಯ ಮೈಗೆ ಅಂತ ಮಾಡಿರುತ್ತಾರೆ. ಮೈ ಚಿಕ್ಕದಾದರೆ ಸಂದು ಉಳಿಯುತ್ತದೆ. ರೈಡ್ ತಲೆಕೆಳಗಾದಾಗ ಅದೇ ಸಂದಿನಲ್ಲಿ ಮೈ ಜಾರುತ್ತದೆ. ‘ಎರಡೇ ಸೆಂಟಿಮೀಟರ್ ಅಲ್ವಾ, ಬಿಡಿ ಸಾರ್’ ಅಂತ ಆಪರೇಟರ್ ಜೊತೆ ಜಗಳ ಆಡುವ ಅಪ್ಪಂದಿರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಆಪರೇಟರ್ ಹುಡುಗ ಅವರ ಮಗುವನ್ನೇ ಕಾಯುತ್ತಿದ್ದಾನೆ. ಅವನಿಗೆ ಥ್ಯಾಂಕ್ಸ್ ಹೇಳಿ ಪಕ್ಕಕ್ಕೆ ಬರಬೇಕು, ಅಷ್ಟೇ.

ಎರಡನೆಯದು ಕೂದಲು, ಬಟ್ಟೆ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. 2023ರ ಜನವರಿಯಲ್ಲಿ ಶ್ರೀರಂಗಪಟ್ಟಣದ ಜಾತ್ರೆಯಲ್ಲಿ ಜೈಂಟ್ ವ್ಹೀಲ್‌ಗೆ ಕೂದಲು ಸಿಕ್ಕಿ ಒಬ್ಬ ಹುಡುಗಿಯ ತಲೆಯ ಚರ್ಮವೇ ಕಿತ್ತು ಬಂದಿತ್ತು. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಗೋ-ಕಾರ್ಟ್ ಚಕ್ರಕ್ಕೆ ಕೂದಲು ಸುತ್ತಿಕೊಂಡು ಒಬ್ಬ ಮಹಿಳೆ ಜೀವವನ್ನೇ ಕಳೆದುಕೊಂಡರು. ಹಾಗಾಗಿ ಜಡೆ ಹಾಕಿದರೆ ಸಾಲದು, ಜಡೆಯನ್ನು ಮೇಲಕ್ಕೆ ಸುತ್ತಿ ಗಂಟು ಕಟ್ಟಬೇಕು. ವೇಲ್, ಉದ್ದ ಸರ, ಬಳೆ, ಗೆಜ್ಜೆ, ಸೇಫ್ಟಿ ಪಿನ್ ಯಾವುದೂ ಬೇಡ.

ಊಟದ ಪ್ಲಾನೂ ಇದೆ. ಬೆಳಿಗ್ಗೆ ಇಡ್ಲಿ ತಿನ್ನಿಸಿ ಮೊದಲು ಗಿರಗಿರ ತಿರುಗುವ ರೈಡ್‌ಗಳಿಗೆ ಬಿಡುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಸ್ವಲ್ಪ ಕೂರಿಸಿ, ಆಮೇಲೆ ನೀರಿನ ರೈಡ್‌ಗಳು.

ಕ್ಯೂ ವಿಷಯಕ್ಕೆ ಬರೋಣ. ಒಬ್ಬ ಜಾಗ ಹಿಡಿದು ನಿಂತಿರುತ್ತಾನೆ, ಆಮೇಲೆ ಹತ್ತು ಜನ ಕಂಬಿಯ ಕೆಳಗೆ ನುಸುಳಿ ಅವನ ಹತ್ತಿರ ಸೇರಿಕೊಳ್ಳುತ್ತಾರೆ. ಹಿಂದಿನವರಿಗೆ ಉರಿಯುತ್ತದೆ, ತಳ್ಳಾಟ ಶುರುವಾಗುತ್ತದೆ. ಮೆಟ್ಟಿಲ ಮೇಲಾದರೆ ಅದು ಬೀಳುವ ಜಾಗ. ನಮ್ಮಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ಇರುತ್ತಾರೆ. ಜೋಡಿ ಪೂರ್ತಿ ಇದ್ದರೆ ಮಾತ್ರ ಕ್ಯೂ. ಒಬ್ಬರಿಗೆ ಬಾತ್‌ರೂಮಿಗೆ ಹೋಗಬೇಕಾದರೆ ಇಬ್ಬರೂ ಹೋಗಿ ಕೊನೆಯಲ್ಲಿ ಬಂದು ನಿಲ್ಲಬೇಕು.

ಇನ್ನೊಂದು ನಿಯಮ ನನಗೆ ಎಲ್ಲಕ್ಕಿಂತ ಮುಖ್ಯ. ಬೇಡ ಅಂದವರನ್ನು ಯಾರೂ ಛೇಡಿಸಬಾರದು. ಹೋದ ಸಲ ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್‌ನ ಕ್ಯೂನಲ್ಲಿ ಒಬ್ಬ ಹುಡುಗಿ ಹತ್ತಿರ ಹೋದ ಹಾಗೆ ಮಾತು ಕಡಿಮೆ ಮಾಡಿದಳು. ಆ ರೈಡ್ ಮುಂದಕ್ಕೆ ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಅವಳು ಕಂಬಿ ಹಿಡಿದ ಕೈ ಬಿಡುತ್ತಿಲ್ಲ, ಬೆರಳ ಗೆಣ್ಣು ಬೆಳ್ಳಗಾಗಿದೆ.

‘ಮಿಸ್, ನಂಗೆ ಬೇಡ.’

‘ಸರಿ ಪುಟ್ಟಿ, ಬಾ ಈ ಕಡೆ.’

ಹಿಂದಿನಿಂದ ಒಬ್ಬ ‘ಪುಕ್ಕಲಿ’ ಅನ್ನಲು ಬಾಯಿ ತೆಗೆದ. ಅವನ ಜೋಡಿಯವನೇ ಮೊಣಕೈಯಿಂದ ತಿವಿದು ಸುಮ್ಮನಾಗಿಸಿದ. ಆ ಹುಡುಗಿ ಕೆಳಗೆ ನಿಂತು ಎಲ್ಲರ ಕನ್ನಡಕ ಕಾಯ್ದಳು, ಹತ್ತಿದವರಿಗೆ ಕೈ ಬೀಸಿದಳು. ಬಲವಂತಕ್ಕೆ ಹತ್ತಿದ ಮಗು ರೈಡ್ ಹೊರಟ ಮೇಲೆ ಗಾಬರಿಯಾಗಿ ಲಾಕ್‌ನಿಂದ ನುಸುಳಲು, ಎದ್ದು ನಿಲ್ಲಲು ನೋಡುತ್ತದೆ. ಅದರ ಮುಂದೆ ಸ್ನೇಹಿತರ ಎದುರು ಕೆಳಗಿಳಿಯುವುದು ಏನೂ ಅಲ್ಲ.

ಹತ್ತಿದವರಿಗೂ ಪಾಠ ಇದೆ. ಲಾಕ್ ಇಳಿಸುವಾಗ ಬೇಕಂತಲೇ ಎದೆ ಉಬ್ಬಿಸಿ ಜಾಗ ಮಾಡಿಕೊಳ್ಳಬಾರದು. ಬೆನ್ನು, ತಲೆ ಸೀಟಿಗೆ ಒರಗಿರಬೇಕು. ಆಪರೇಟರ್ ಬಂದು ಎಳೆದು ನೋಡುವವರೆಗೂ ‘ಆಯ್ತು’ ಅನ್ನಬಾರದು. ಮಧ್ಯದಲ್ಲಿ ರೈಡ್ ನಿಂತರೆ ಸುಮ್ನೆ ಕೂತಿರಬೇಕು. ಕರೆಂಟ್ ಹೋದರೂ ಲಾಕ್ ಬಿಚ್ಚಿಕೊಳ್ಳದ ಹಾಗೇ ಅದನ್ನು ಮಾಡಿರುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಮಕ್ಕಳು ಹೆದರುವುದಿಲ್ಲ.

ನೀರಿನ ಕಡೆ ಹೋಗುವಾಗ ನೈಲಾನ್ ಬಟ್ಟೆ. ಕಾಟನ್ ಯಾಕೆ ಬೇಡ ಅಂತ ಅಮ್ಮಂದಿರು ಪ್ರತಿ ಸಲ ಕೇಳುತ್ತಾರೆ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಅದರ ದಾರ ಬಿಟ್ಟುಕೊಂಡು ಫಿಲ್ಟರ್‌ಗೂ ತೊಂದರೆ. ಮೈ ಮುಚ್ಚುವ ನೈಲಾನ್ ಪ್ಯಾಂಟು, ಟಿ-ಶರ್ಟ್ ಸಿಗುತ್ತದೆ ಅಂದ ಮೇಲೆ ಒಪ್ಪುತ್ತಾರೆ. ಕೊಳಕ್ಕೆ ಇಳಿಯುವ ಮುಂಚೆ ಬಾತ್‌ರೂಮ್, ಶವರ್ ಎರಡೂ ಕಡ್ಡಾಯ. ಇನ್ನೊಬ್ಬರು ಅದೇ ನೀರಿನಲ್ಲಿ ಮುಳುಗೇಳುತ್ತಾರೆ, ಅಲ್ವಾ?

ಮೈಯೊಡ್ಡಿ ಜಾರುವ ಸ್ಲೈಡ್‌ನಲ್ಲಿ ಅಂಗಾತ ಮಲಗಿ, ಕೈ ಎದೆಗೆ ಕಟ್ಟಿ, ಕಾಲು ಹೆಣೆದುಕೊಳ್ಳಬೇಕು. ಮುಂದಿನವರು ಕೆಳಗೆ ಎದ್ದು ಹೋದ ಮೇಲೆ ಸಿಬ್ಬಂದಿ ಸನ್ನೆ ಮಾಡುತ್ತಾರೆ, ಆಗ ಹೊರಡಬೇಕು. ಕೆಳಗೆ ಬಂದವರು ತಕ್ಷಣ ದಾರಿ ಬಿಡಬೇಕು. ಅಲ್ಲೇ ನಿಂತು ಮುಖ ಒರೆಸಿಕೊಳ್ಳುವವರಿಗೇ ಹಿಂದಿನವರ ಕಾಲು ಬಡಿಯುವುದು.

ವೇವ್ ಪೂಲ್‌ನಲ್ಲಿ ನಾನು ಸೊಂಟದ ಮಟ್ಟದ ನೀರಿನಲ್ಲಿ, ಮಕ್ಕಳ ಕಡೆ ಮುಖ ಮಾಡಿ ನಿಲ್ಲುತ್ತೇನೆ. ನನ್ನನ್ನು ದಾಟಿ ಯಾರೂ ಹೋಗುವಂತಿಲ್ಲ. ಫೋನ್ ಲಾಕರ್‌ನಲ್ಲಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಸದ್ದೇ ಇರುವುದಿಲ್ಲ. ಹಾಗಾಗಿ ಗಲಾಟೆ ಮಾಡುವವರಿಗಿಂತ ಜಾಸ್ತಿ, ಸುಮ್ಮನಾದವರನ್ನೇ ನೋಡುತ್ತಿರುತ್ತೇನೆ. ಲೈಫ್‌ಗಾರ್ಡ್ ಇದ್ದಾರೆ ಅಂತ ಕಣ್ಣು ತೆಗೆಯುವುದಿಲ್ಲ. ಅವರು ನೂರಾರು ತಲೆ ನೋಡಬೇಕು, ನನ್ನ ಮಕ್ಕಳ ಮುಖ ಗೊತ್ತಿರುವುದು ನನಗೆ.

ಸಂಜೆ ಒಣ ಬಟ್ಟೆ ಹಾಕಿಸಿ, ಬಸ್ಸಿನ ಬಾಗಿಲಲ್ಲಿ ಜೋಡಿ ಹೆಸರು ಕೂಗಿಯೇ ಹತ್ತಿಸುತ್ತೇನೆ. ತಲೆ ಎಣಿಸಿದರೆ ಎಷ್ಟು ಜನ ಇಲ್ಲ ಅಂತ ಗೊತ್ತಾಗುತ್ತದೆ. ಹೆಸರು ಕೂಗಿದರೆ ಯಾರು ಇಲ್ಲ ಅಂತ ಅವರ ಜೋಡಿಯೇ ಹೇಳುತ್ತದೆ.