ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್: ಬಯಾಪ್ಸಿ ವರದಿಯಲ್ಲಿ ರೋಗನಿರೋಧಕ ಸ್ಪಂದನೆಯನ್ನು ಗುರುತಿಸುವ ಬಗೆ

ವರದಿ ಕೈಗೆ ಬಂದಾಗ ಮೊದಲು ಇಆರ್ (ಈಸ್ಟ್ರೋಜನ್ ಗ್ರಾಹಕ), ಪಿಆರ್ (ಪ್ರೊಜೆಸ್ಟರಾನ್ ಗ್ರಾಹಕ) ಮತ್ತು ಹರ್‌2 (ಕೋಶದ ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನ್) ಎಂಬ ಮೂರು ಸಾಲುಗಳನ್ನು ನೋಡಿ. ಮೂರೂ ನೆಗೆಟಿವ್ ಆಗಿದ್ದರೆ ಹಾರ್ಮೋನ್ ಮಾತ್ರೆಗಳಾಗಲಿ ಹರ್‌2 ವಿರುದ್ಧದ ಔಷಧ ಟ್ರಾಸ್ಟುಜುಮ್ಯಾಬ್ ಆಗಲಿ ನೆರವಿಗೆ ಬರುವುದಿಲ್ಲ. ಆದ್ದರಿಂದಲೇ ದೇಹವು ತಾನಾಗಿ ಗಡ್ಡೆಯನ್ನು ಎಷ್ಟರಮಟ್ಟಿಗೆ ಎದುರಿಸುತ್ತಿದೆ ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ.

ಅನಂತರ ‘ಸ್ಟ್ರೋಮಲ್ ಟಿಐಎಲ್’ (ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟ್ ಎಂಬ ರೋಗನಿರೋಧಕ ಬಿಳಿ ರಕ್ತಕಣಗಳ ಪ್ರಮಾಣ) ಎಂಬ ಸಾಲನ್ನು ಹುಡುಕಿ. ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿಟ್ಟಾಗ, ಗುಲಾಬಿ ಬಣ್ಣದ ಅಂಗಾಂಶದ ನಡುವೆ ರಾಗಿ ಕಾಳು ಚೆಲ್ಲಿದಂತೆ ಕಾಣುವ ಕಡುನೀಲಿ ಚುಕ್ಕೆಗಳೇ ಲಿಂಫೋಸೈಟ್‌ಗಳು. ಶೇ 30 ಎಂದು ಬರೆದಿದ್ದರೆ, ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವಿನ ಅಂಗಾಂಶದಲ್ಲಿ ಅಷ್ಟು ಜಾಗವನ್ನು ಇಂತಹ ರಕ್ಷಕ ಕೋಶಗಳು ಆವರಿಸಿವೆ ಎಂದರ್ಥವೇ ಹೊರತು, ಕ್ಯಾನ್ಸರ್ ಅಷ್ಟು ಭಾಗ ನಾಶವಾಗಿದೆ ಎಂದಲ್ಲ. ಪ್ರಮಾಣ ಹೆಚ್ಚಿದ್ದಷ್ಟೂ ಕೀಮೋಥೆರಪಿಗೆ ಗಡ್ಡೆ ಕರಗುವ ಸಾಧ್ಯತೆ ಹೆಚ್ಚು. ಹಾಗೆಂದು ಕಡಿಮೆ ಇದ್ದವರು ಎದೆಗುಂದಬೇಕಾಗಿಲ್ಲ, ಹೆಚ್ಚಿರುವವರು ಚಿಕಿತ್ಸೆಯನ್ನು ತಾವಾಗಿ ಮೊಟಕುಗೊಳಿಸಲೂಬಾರದು. ಎಷ್ಟೋ ವರದಿಗಳಲ್ಲಿ ಈ ಸಾಲೇ ಇರುವುದಿಲ್ಲ. ಅದಕ್ಕೆ ಹೊಸದಾಗಿ ಸೂಜಿ ಚುಚ್ಚಬೇಕಾಗಿಲ್ಲ, ಇರುವ ಸ್ಲೈಡಿನಲ್ಲೇ ಎಣಿಸಬಹುದು. ಕೀಮೋ ಶುರುವಾಗುವ ಮೊದಲೇ ಸಂಕೋಚವಿಲ್ಲದೆ ಕೇಳಿ.

ಪಿಡಿ-ಎಲ್‌1 ಎಂಬುದು ಕ್ಯಾನ್ಸರ್ ಕೋಶವು ಟಿ ಕೋಶಗಳನ್ನು (ಲಿಂಫೋಸೈಟ್‌ಗಳ ಒಂದು ಬಗೆ) ಸುಮ್ಮನಾಗಿಸಲು ಬಳಸುವ ಪ್ರೋಟೀನ್. ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ (ರೋಗನಿರೋಧಕ ಚಿಕಿತ್ಸೆ) ಔಷಧವು ಈ ತಡೆಯನ್ನು ಬಿಡಿಸುತ್ತದೆ. ರೋಗ ಬೇರೆಡೆಗೆ ಹರಡಿದ್ದಾಗ ಇದನ್ನು ಕೊಡಲು ಪಿಡಿ-ಎಲ್‌1 ಪ್ರಮಾಣವನ್ನು ಅಳೆಯುವ ಸಿಪಿಎಸ್ ಅಂಕ 10 ಅಥವಾ ಹೆಚ್ಚಿರಬೇಕು. 2 ಮತ್ತು 3ನೇ ಹಂತದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವಾಗ ಈ ಅಂಕ ನೋಡುವುದಿಲ್ಲ. ಕೀನೋಟ್-522 ಪ್ರಯೋಗದಲ್ಲಿ ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಕೀಮೋ ಜೊತೆಗೆ ಈ ಔಷಧ ಪಡೆದವರಲ್ಲಿ ಶೇ 86.6, ಕೇವಲ ಕೀಮೋ ಪಡೆದವರಲ್ಲಿ ಶೇ 81.7 ಇತ್ತು. ಔಷಧ ದುಬಾರಿಯಾದ್ದರಿಂದ ಈ ಅಂತರವನ್ನು ವೈದ್ಯರ ಎದುರು ಕುಳಿತು ತೂಗಿ ನೋಡುವುದು ಒಳಿತು.

ತಡೆ ಬಿಟ್ಟ ಟಿ ಕೋಶಗಳು ದೇಹದ ಆರೋಗ್ಯವಂತ ಅಂಗಗಳ ಮೇಲೂ ಎರಗಬಹುದು. ಥೈರಾಯ್ಡ್, ಯಕೃತ್ತು ಮತ್ತು ಸಕ್ಕರೆಯ ಪರೀಕ್ಷೆಗಳನ್ನು ವೈದ್ಯರು ಹೇಳಿದ ದಿನವೇ ಮಾಡಿಸಿ. ನಿಲ್ಲದ ಭೇದಿ, ಒಣ ಕೆಮ್ಮು, ಏದುಸಿರು, ವಿಪರೀತ ಸುಸ್ತು ಕಂಡರೆ ಅಂಗಡಿಯ ಮಾತ್ರೆ ನುಂಗದೆ ಅಂದೇ ಆಂಕಾಲಜಿಸ್ಟರಿಗೆ ಫೋನ್ ಮಾಡಿ. ಚಿಕಿತ್ಸೆ ಮುಗಿದು ತಿಂಗಳುಗಳು ಕಳೆದ ಮೇಲೂ ಇವು ಬರಬಹುದಾದ್ದರಿಂದ, ಯಾವ ವೈದ್ಯರ ಬಳಿಗೆ ಹೋದರೂ ಇಮ್ಯುನೊಥೆರಪಿ ಆಗಿದೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ.