348 ಕಿ.ಮೀ. ಹಾರಲು 50 ನಿಮಿಷ ಏಕೆ?

ಹವಾಯಿಯ ಹೊನೊಲುಲುವಿನಿಂದ ಹಿಲೊ ನಿಲ್ದಾಣಕ್ಕೆ ನೇರ ದೂರ ಸುಮಾರು 348 ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ 750 ಕಿ.ಮೀ. ಎಂದು ಹಿಡಿದು ಭಾಗಿಸಿದರೆ 28 ನಿಮಿಷ. ವೇಳಾಪಟ್ಟಿ ನೋಡಿದರೆ 50 ನಿಮಿಷದ ಮೇಲೆ. ಎರಡೂ ತಪ್ಪಲ್ಲ.

ಮೊದಲು ದೂರ ಹಿಡಿಯೋಣ. ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಊರಿನದ್ದಲ್ಲ, ನಿಲ್ದಾಣದ್ದೇ ಬೇಕು. ಹೊನೊಲುಲು 21.32 ಉತ್ತರ, 157.92 ಪಶ್ಚಿಮ. ಹಿಲೊ 19.72 ಉತ್ತರ, 155.05 ಪಶ್ಚಿಮ. ಅಕ್ಷಾಂಶದ ವ್ಯತ್ಯಾಸ 1.60 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿಯಂತೆ (ಹಡಗು, ವಿಮಾನಗಳ ಲೆಕ್ಕದ ಮೈಲಿ, 1.852 ಕಿ.ಮೀ.) 96 ಮೈಲಿ. ರೇಖಾಂಶದ ವ್ಯತ್ಯಾಸ 2.87 ಡಿಗ್ರಿ, ಅಂದರೆ 172 ಮೈಲಿ. ಆದರೆ ಸಮಭಾಜಕದಿಂದ ದೂರ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಹಾಗಾಗಿ ಸರಾಸರಿ ಅಕ್ಷಾಂಶದ ಕೊಸೈನ್, ಇಲ್ಲಿ 0.937, ಇದರಿಂದ ಗುಣಿಸಿ: 161. ಇನ್ನುಳಿದದ್ದು ಶಾಲೆಯ ಪೈಥಾಗರಸ್. 96ರ ವರ್ಗಕ್ಕೆ 161ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 188 ಮೈಲಿ. 1.852ರಿಂದ ಗುಣಿಸಿದರೆ ಕಿಲೋಮೀಟರು. ಸಾವಿರಾರು ಕಿಲೋಮೀಟರಿನ ಹಾರಾಟಕ್ಕೆ ಈ ಸುಲಭ ದಾರಿ ಸಾಲದು. ಗೋಳದ ಮೇಲಿನ ದೂರ ಲೆಕ್ಕಹಾಕುವ ಹ್ಯಾವರ್‌ಸೈನ್ ಸೂತ್ರ ಬಳಸಿ.

ಎಡವುವುದು ಎರಡು ಕಡೆ. 21 ಡಿಗ್ರಿ 19 ನಿಮಿಷವನ್ನು 21.19 ಎಂದು ಬರೆದುಬಿಡುತ್ತಾರೆ. ಇಲ್ಲಿ ನಿಮಿಷ ಎಂದರೆ ಡಿಗ್ರಿಯ 60ನೇ ಒಂದು ಭಾಗ; 19ನ್ನು 60ರಿಂದ ಭಾಗಿಸಬೇಕು, ಆಗ ಬರುವುದು 21.32. ಈ ಒಂದು ತಪ್ಪಿಗೇ ನಿಲ್ದಾಣ 14 ಕಿ.ಮೀ. ಸರಿದುಹೋಗಿರುತ್ತದೆ! ಇನ್ನೊಂದು, 180 ಡಿಗ್ರಿ ರೇಖೆ ದಾಟುವಾಗ. ಫಿಜಿಯ ನಾಡಿ 177.44 ಪೂರ್ವ, ಸಮೋವಾದ ಫಲೆಓಲೊ 172.01 ಪಶ್ಚಿಮ. ಪಶ್ಚಿಮಕ್ಕೆ ಋಣ ಚಿಹ್ನೆ ಹಾಕಿ ಕಳೆದರೆ 349.45 ಬರುತ್ತದೆ, ಭೂಮಿಯನ್ನೇ ಸುತ್ತಿ ಬಂದ ಹಾಗೆ. ಬಂದ ವ್ಯತ್ಯಾಸ 180 ಮೀರಿದರೆ 360ರಿಂದ ಕಳೆಯಿರಿ: 10.55.

ಈಗ ಸಮಯ. ವೇಳಾಪಟ್ಟಿಯ ಗಡಿಯಾರ ವಿಮಾನ ಗೇಟಿನಿಂದ ಸರಿದಾಗ ಶುರುವಾಗಿ ಇನ್ನೊಂದು ಗೇಟಿನಲ್ಲಿ ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಕಡಿಮೆ ವೇಗದಲ್ಲಿ ಏರುವುದು ಇಳಿಯುವುದು, ಗಾಳಿಗೆ ಎದುರಾಗಿ ಇಳಿಯಲು ಸುತ್ತು ಹಾಕುವುದು, ಎಲ್ಲ ಇದರಲ್ಲೇ. ಜೆಟ್‌ಗೆ 25ರಿಂದ 30 ನಿಮಿಷ ಸೇರಿಸಿದರೆ ಅಂದಾಜು ಬಹುತೇಕ ಕೂಡಿಬರುತ್ತದೆ. ದೂರ ಕಡಿಮೆಯಾದರೂ ಈ ಖರ್ಚು ಅಷ್ಟಾಗಿ ಇಳಿಯದು. ದ್ವೀಪದಿಂದ ದ್ವೀಪಕ್ಕೆ ವೇಗದ ವಿಮಾನದಿಂದ ಆಗುವ ಲಾಭ ಅಷ್ಟಕ್ಕಷ್ಟೇ.

ಗಾಳಿಯ ಲೆಕ್ಕವೂ ಇದೆ. ಗಂಟೆಗೆ 500 ಕಿ.ಮೀ. ವೇಗದ ಟರ್ಬೊಪ್ರಾಪ್‌ಗೆ (ಪ್ರೊಪೆಲರ್ ಇರುವ ವಿಮಾನ) 50 ಕಿ.ಮೀ. ಎದುರುಗಾಳಿ ಸಿಕ್ಕರೆ 348 ಕಿ.ಮೀ.ಗೆ 46 ನಿಮಿಷ, ಹಿಂಗಾಳಿಯಲ್ಲಿ 38. ಹೋಗಿಬರುವಾಗ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಒಟ್ಟು ಸಮಯ ಸ್ವಲ್ಪ ಜಾಸ್ತಿಯೇ.

ಕೊನೆಗೆ ಸ್ಥಳೀಯ ಗಡಿಯಾರ. ಫಲೆಓಲೊದಿಂದ ಅಮೆರಿಕನ್ ಸಮೋವಾದ ಪಾಗೊ ಪಾಗೊಗೆ ಬರೀ 150 ಕಿ.ಮೀ. ಆದರೆ ಸಮೋವಾ 2011ರ ಡಿಸೆಂಬರ್ 30ನ್ನೇ ಬಿಟ್ಟು ದಿನಾಂಕ ರೇಖೆಯ ಆಚೆಗೆ ಹೋಯಿತು. ಈಗ ನಡುವೆ ಪೂರ್ತಿ 24 ಗಂಟೆ. ಸೋಮವಾರ ಬೆಳಿಗ್ಗೆ 9ಕ್ಕೆ ಹೊರಟು 40 ನಿಮಿಷ ಹಾರಿದರೆ ಇಳಿಯುವುದು ಭಾನುವಾರ 9.40ಕ್ಕೆ. ಅಲ್ಲಿಂದ ಮುಂದಿನ ಟಿಕೆಟ್ ಮಾಡಿಸುವಾಗ ಗಂಟೆಗಿಂತ ಮೊದಲು ತಾರೀಖು ನೋಡಿ.